ಮದರ್‌ಬೋರ್ಡ್ ಹೋದರೆ ವಿಂಡೋಸ್ ಲೈಸನ್ಸೂ ಹೋಯಿತಾ?

ಪ್ರಶ್ನೆ: ಕುಂಬಳೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಉಂಟು. ವಿಂಡೋಸ್ 7 ಇದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಹಾಳಾಯಿತು. ಹಾರ್ಡ್ ಡಿಸ್ಕ್ ಸರಿ ಉಂಟು. ಅದೇ ಲೈಸನ್ಸ್ ಬೇರೆ ಕಂಪ್ಯೂಟರಿಗೆ ಹಾಕ್ಲಿಕ್ಕೆ ಆಗ್ತದಾ? ದುಡ್ಡು ಕೊಟ್ಟೇ ತಗೊಂಡದ್ದಲ್ವಾ?

ಉತ್ತರ: ದುಡ್ಡು ಕೊಟ್ಟದ್ದು ಹೌದು. ಯಾವುದಕ್ಕೆ ಕೊಟ್ಟದ್ದು ಎಂಬುದೇ ತಕರಾರು. ಸಿಪಿಯು ಡಬ್ಬದ ಮೇಲಿರುವ ಮೈಕ್ರೋಸಾಫ್ಟ್ ಸ್ಟಿಕ್ಕರ್ ನೋಡಿ. ಅದರಲ್ಲಿ ಕಂಪ್ಯೂಟರ್ ಕಂಪನಿಯ ಹೆಸರೋ 'ಒಇಎಂ' (ಕಂಪ್ಯೂಟರ್ ತಯಾರಕರೇ ಹಾಕಿ ಕೊಟ್ಟದ್ದು) ಎಂದೋ ಇದ್ದರೆ ಆ ಲೈಸನ್ಸ್ ಆ ಕಂಪ್ಯೂಟರಿಗೆ ಮಾತ್ರ. ರ‍್ಯಾಮ್, ಹಾರ್ಡ್ ಡಿಸ್ಕ್ ಬದಲಿಸಬಹುದು. ಆದರೆ ವಾರಂಟಿ ಮುಗಿದ ಮೇಲೆ ಬೇರೆ ಮದರ್‌ಬೋರ್ಡ್ ಹಾಕಿದರೆ ಅದು ಹೊಸ ಕಂಪ್ಯೂಟರ್ ಎಂದೇ ಲೆಕ್ಕ. ಪ್ರತ್ಯೇಕವಾಗಿ ಕೊಂಡ ರಿಟೇಲ್ ಪ್ರತಿಯಾದರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. ಸಣ್ಣ ಅಂಗಡಿಗಳಲ್ಲಿ ಅದು ಇರುವುದು ಅಪರೂಪ.

ಹಾಗಾದರೆ ವಿಂಡೋಸ್ 11 ಇರುವ ಹೊಸ ಕಂಪ್ಯೂಟರೇ ತಗೊಳ್ಳಬಹುದಲ್ವಾ ಎನ್ನುತ್ತೀರಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ, ಆ ಮಾತು ಸರಿಯೇ. ಆದರೆ ನಿಮ್ಮಂಥ ಡಿಟಿಪಿ ಅಂಗಡಿಯ ಅನ್ನ ಇರುವುದು ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟೀಸು ಎಲ್ಲ ಹಳೇ ಕನ್ನಡ ಫಾಂಟಿನಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಪದ್ಧತಿ, ಗೊತ್ತಿಲ್ಲ. ಇಲ್ಲಿನ ಶಾಲೆಗಳಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆಯವರ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಸಾಫ್ಟ್‌ವೇರ್) ಇದೆ, ಲೈಸನ್ಸಿನ ರಗಳೆಯೇ ಇಲ್ಲ. ಆದರೆ ಪೇಜ್‌ಮೇಕರನ್ನು ಅಲ್ಲಿಗೆ ಒಯ್ಯುವ ಸುಲಭ ದಾರಿಯೂ ಇಲ್ಲ.

ಫಾಂಟಿನ ಸಾಫ್ಟ್‌ವೇರಿಗೆ ಡಾಂಗಲ್ (ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ನಡೆಯುವ ಸಣ್ಣ ಸಾಧನ) ಇದೆಯಾ? ಇದ್ದರೆ ಅದೇ ಅದರ ಲೈಸನ್ಸ್, ಕಳೆದರೆ ಮುಗಿಯಿತು. ಹಳೇ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಅಗಲದ ಡಾಂಗಲ್ ಆದರೆ ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಕೇಬಲ್ ತರಬೇಡಿ. ಅದು ಪ್ರಿಂಟರಿಗೆ ಸರಿ, ಡಾಂಗಲಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಡಾಂಗಲ್ ನಡೆಸುವ ಹಳೇ 32 ಬಿಟ್‌ನ ಡ್ರೈವರ್ ಹೊಸ 64 ಬಿಟ್ ವಿಂಡೋಸ್‌ನಲ್ಲಿ ಕೂರುವುದೂ ಇಲ್ಲ. ಲೈಸನ್ಸ್ ಕೈಯಲ್ಲೇ ಇದ್ದು ಕೆಲಸ ನಿಲ್ಲುವುದು ಹೀಗೆ.

ನನ್ನ ಸಲಹೆ: ಬರೀ ಮದರ್‌ಬೋರ್ಡ್ ಹುಡುಕಬೇಡಿ. ಅದೇ ಕಂಪನಿಯ, ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನೇ ಸ್ಟಿಕ್ಕರ್ ಸಮೇತ ತಗೊಳ್ಳಿ. ಅದರ ಲೈಸನ್ಸ್ ಅದರ ಜೊತೆಗೇ ಬರುತ್ತದೆ. ನಿಮ್ಮ ಹಳೇ ಹಾರ್ಡ್ ಡಿಸ್ಕಿನ ಕಾಪಿ ತೆಗೆದಿಟ್ಟು, ಆಮೇಲೆ ಆ ಡಿಸ್ಕನ್ನು ಈ ಕಂಪ್ಯೂಟರಿಗೆ ಹಾಕಿ ನೋಡಿ. ಇಂಟರ್ನೆಟ್ ಕೊಡಬೇಡಿ, ಪಿಡಿಎಫ್ ಕಳಿಸಲು ಬೇರೆ ಕಂಪ್ಯೂಟರ್ ಇರಲಿ. ಆನ್‌ಲೈನಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ವಿಂಡೋಸ್ ಕೀಗಳ (ಲೈಸನ್ಸ್ ಸಂಕೇತಗಳ) ತಂಟೆಗೆ ಹೋಗಬೇಡಿ, ಯಾವಾಗ ಬ್ಲಾಕ್ ಆಗುತ್ತವೋ ಹೇಳಲಾಗದು. ಕೊಳ್ಳುವ ಮೊದಲು ಹಿಂದೆ ಪ್ರಿಂಟರ್ ಪೋರ್ಟ್ ಇದೆಯಾ, ಸ್ಟಿಕ್ಕರಿನ ಕೀ ಓದಲು ಬರುತ್ತದಾ ನೋಡಿ. ಅಕ್ಷರ ಮಾಸಿದ್ದರೆ ಬೇರೆ ಹುಡುಕಿ.