ಲ್ಯಾಬ್ ರಿಪೋರ್ಟ್ ಬರೆಯುವುದು: ನಿಮ್ಮ ಉತ್ತರವನ್ನು ಎಷ್ಟು ನಂಬಬಹುದು?

ಲ್ಯಾಬ್ ರಿಪೋರ್ಟ್‌ನ ತಲೆಬರಹಗಳು ಎಲ್ಲರಿಗೂ ಬಾಯಿಪಾಠ: ಉದ್ದೇಶ, ಉಪಕರಣಗಳು, ವಿಧಾನ, ಫಲಿತಾಂಶ, ಚರ್ಚೆ, ತೀರ್ಮಾನ. ಆದರೆ ರಿಪೋರ್ಟ್ ಓದುವವರು ಹುಡುಕುವುದು ಎರಡೇ ಪ್ರಶ್ನೆಗೆ ಉತ್ತರ. ಈ ಸಂಖ್ಯೆ ಹೇಗೆ ಬಂತು? ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮೊದಲನೆಯದನ್ನು ನಾವೆಲ್ಲ ಹೇಗೋ ಬರೆದುಬಿಡುತ್ತೇವೆ. ಎರಡನೆಯದರಲ್ಲೇ ತೊಡಕು. ಹಾಗಾಗಿ ಈ ಟಿಪ್ಪಣಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಸರಳ ಲೋಲಕವನ್ನು ತೆಗೆದುಕೊಳ್ಳೋಣ. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಅದರ ಅವಧಿಯಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ. ಸೂತ್ರ: ಜಿ = 4ಪೈ²ಎಲ್ ÷ ಟಿ². ಇಲ್ಲಿ ಜಿ ಅಂದರೆ ಗುರುತ್ವ ವೇಗೋತ್ಕರ್ಷ, ಎಲ್ ಅಂದರೆ ಲೋಲಕದ ಉದ್ದ, ಟಿ ಅಂದರೆ ಒಂದು ಆಂದೋಲನದ (ಗುಂಡು ಒಮ್ಮೆ ಹೋಗಿ ಮರಳಿ ಬರುವುದರ) ಅವಧಿ.

ಯಾವುದನ್ನು ಮೊದಲು ಬರೆಯಬೇಕು?

ರಿಪೋರ್ಟ್ ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಮೊದಲು ಕೋಷ್ಟಕ ಮತ್ತು ಗ್ರಾಫ್ ಸಿದ್ಧ ಮಾಡಿಕೊಳ್ಳಿ. ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ತೀರ್ಮಾನ. ಪೀಠಿಕೆ ಅದರ ನಂತರ. ಸಾರಾಂಶವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಏನು ಸಿಕ್ಕಿತು ಅಂತ ಗೊತ್ತಾಗದೆ ಸಾರಾಂಶ ಬರೆಯಲು ಆಗುವುದಿಲ್ಲ ಅಲ್ವಾ?

ವಿಧಾನದ ಭಾಗದಲ್ಲಿ ಕೈಪಿಡಿಯ ವಾಕ್ಯಗಳನ್ನು ಇಳಿಸಬೇಡಿ. 'ದಾರದ ಉದ್ದವನ್ನು ಅಳೆಯಿರಿ' ಅನ್ನುವುದು ಸೂಚನೆ. ನೀವು ಬರೆಯಬೇಕಾದದ್ದು ನಡೆದ ಕೆಲಸದ ವಿವರ: 'ಕಟ್ಟಿದ ಜಾಗದಿಂದ ಗುಂಡಿನ ನಡುವಿನವರೆಗಿನ ಉದ್ದವನ್ನು ಮೀಟರ್ ಅಳತೆಪಟ್ಟಿಯಿಂದ ಅಳೆಯಲಾಯಿತು.' 'ಅಳೆದೆವು' ಅಂತ ಬರೆಯಲು ನಿಮ್ಮ ತರಗತಿಯಲ್ಲಿ ಒಪ್ಪಿಗೆ ಇದ್ದರೆ ಅದೂ ಸರಿ. ಭೂತಕಾಲ ಮಾತ್ರ ತಪ್ಪಬಾರದು. ಇನ್ನೊಬ್ಬರು ಇದನ್ನು ಓದಿ ಅದೇ ಪ್ರಯೋಗವನ್ನು ಮಾಡುವಂತಿದ್ದರೆ ಸಾಕು. ಪೆನ್ಸಿಲ್, ಕಾಗದ ಇಂಥವನ್ನೆಲ್ಲ ಉಪಕರಣಗಳ ಪಟ್ಟಿಗೆ ಸೇರಿಸಬೇಕಿಲ್ಲ. ಸ್ಟಾಪ್‌ವಾಚ್ ಎಷ್ಟು ಸಣ್ಣ ಸಮಯವನ್ನು ತೋರಿಸುತ್ತದೆ ಅನ್ನುವುದನ್ನು ಮಾತ್ರ ಬಿಡಬೇಡಿ.

ಕೋಷ್ಟಕದಲ್ಲಿ ಏಕಮಾನವನ್ನು ತಲೆಸಾಲಿನಲ್ಲಿ ಒಮ್ಮೆ ಬರೆದರೆ ಸಾಕು. ಓದಿದ ಅಳತೆಯನ್ನು ಓದಿದ ಹಾಗೇ ಬರೆಯಿರಿ. ಒಂದು ಅಳತೆ ಉಳಿದವಕ್ಕಿಂತ ತೀರಾ ಬೇರೆ ಬಂದರೆ ಅಳಿಸಬೇಡಿ. ಅದನ್ನು ಇಟ್ಟುಕೊಂಡೇ ಮತ್ತೊಮ್ಮೆ ಅಳೆಯಿರಿ. ಲೆಕ್ಕದಿಂದ ಕೈಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಒಂದು ಸಾಲು ಬರೆಯಿರಿ. ಇದು ಬರೀ ಶಿಸ್ತಿನ ವಿಷಯ ಅಂತ ನನಗೆ ಅನಿಸುವುದಿಲ್ಲ. ಬೇಕಾದ ಉತ್ತರಕ್ಕೆ ಹೊಂದುವ ಅಳತೆಗಳನ್ನಷ್ಟೇ ಉಳಿಸಿಕೊಂಡರೆ ಪ್ರಯೋಗ ಮಾಡಿದ್ದಕ್ಕೇ ಅರ್ಥವಿಲ್ಲ.

ದೋಷದ ಲೆಕ್ಕ

ಉದ್ದ 1.00 ಮೀಟರ್, 20 ಆಂದೋಲನಕ್ಕೆ ಹಿಡಿದ ಸಮಯ 40.2 ಸೆಕೆಂಡ್ ಅಂದುಕೊಳ್ಳಿ. ಒಂದು ಆಂದೋಲನಕ್ಕೆ 2.01 ಸೆಕೆಂಡ್. ಸೂತ್ರಕ್ಕೆ ಹಾಕಿದರೆ ಕ್ಯಾಲ್ಕುಲೇಟರ್ 9.77164 ಅಂತ ತೋರಿಸುತ್ತದೆ. ಅದನ್ನು ಹಾಗೇ ಬರೆಯಬಹುದೇ? ಬರೆಯಬಾರದು. ನಮ್ಮ ಅಳತೆಯಲ್ಲಿ ಅಷ್ಟು ಸೂಕ್ಷ್ಮತೆ ಇಲ್ಲವೇ ಇಲ್ಲ.

ಎಷ್ಟಿದೆ ಅಂತ ನೋಡೋಣ. ಸ್ಟಾಪ್‌ವಾಚ್ ಒತ್ತುವಾಗ ಕೈ ಸುಮಾರು 0.2 ಸೆಕೆಂಡ್ ಹಿಂದೆಮುಂದೆ ಆಗಬಹುದು. 40.2 ಸೆಕೆಂಡ್‌ನಲ್ಲಿ ಅದು ಶೇ. 0.5. ಸೂತ್ರದಲ್ಲಿ ಅವಧಿಯ ವರ್ಗ ಇದೆ, ಆದ್ದರಿಂದ ಈ ದೋಷ ಎರಡರಷ್ಟಾಗಿ ಶೇ. 1 ಆಗುತ್ತದೆ. ಉದ್ದದಲ್ಲಿ 2 ಮಿಲಿಮೀಟರ್ ಅನುಮಾನ ಇದ್ದರೆ ಅದು ಶೇ. 0.2. ಎರಡನ್ನೂ ಸುಮ್ನೆ ಕೂಡಿಸಿದರೆ ಶೇ. 1.2, ಅಂದರೆ 9.77ರಲ್ಲಿ ಸುಮಾರು 0.1. ಹಾಗಾಗಿ ಬರೆಯಬೇಕಾದ ಉತ್ತರ: 9.8 ± 0.1 ಮೀ/ಸೆ².

ಈ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. 20ರ ಬದಲು ಒಂದೇ ಆಂದೋಲನಕ್ಕೆ ಸಮಯ ಹಿಡಿದಿದ್ದರೆ, ಅದೇ 0.2 ಸೆಕೆಂಡ್ ಶೇ. 10ರಷ್ಟು ದೋಷವಾಗುತ್ತಿತ್ತು. ಉತ್ತರದಲ್ಲಿ ಅದು ಶೇ. 20! ಯಾಕೆ 20 ಆಂದೋಲನ ಎಣಿಸಿದಿರಿ ಅನ್ನುವುದಕ್ಕೆ ಕಾರಣ ಇಲ್ಲೇ ಇದೆ. ವಿಧಾನದ ಭಾಗದಲ್ಲಿ ಈ ಕಾರಣವನ್ನೂ ಸೇರಿಸಿ.

ಈಗ ಚರ್ಚೆಯ ಭಾಗ. 'ಮಾನವ ದೋಷದಿಂದ ಉತ್ತರ ವ್ಯತ್ಯಾಸವಾಯಿತು' ಅನ್ನುವ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪ್ರತಿ ದೋಷಕ್ಕೂ ಮೂರು ಮಾತು ಹೇಳಿ: ಎಲ್ಲಿಂದ ಬಂತು, ಉತ್ತರವನ್ನು ಹೆಚ್ಚಿಸಿತೋ ತಗ್ಗಿಸಿತೋ, ಎಷ್ಟು.

ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯುವ ಬದಲು ಮೇಲ್ತುದಿಯವರೆಗೆ ಅಳೆದರು ಅಂತಿಟ್ಟುಕೊಳ್ಳಿ. ಗುಂಡಿನ ತ್ರಿಜ್ಯ 1 ಸೆಂಟಿಮೀಟರ್ ಇದ್ದರೆ, ಮೀಟರ್ ಉದ್ದದ ಲೋಲಕದಲ್ಲಿ ಉತ್ತರ ಸುಮಾರು ಶೇ. 1ರಷ್ಟು ಕಡಿಮೆ ಬರುತ್ತದೆ. ಲೋಲಕವನ್ನು 30 ಡಿಗ್ರಿಯಷ್ಟು ಎಳೆದು ಬಿಟ್ಟರೆ ಅವಧಿ ಸುಮಾರು ಶೇ. 1.7ರಷ್ಟು ಹೆಚ್ಚುತ್ತದೆ, ಉತ್ತರ ಶೇ. 3ಕ್ಕಿಂತ ಜಾಸ್ತಿ ತಗ್ಗುತ್ತದೆ. 10 ಡಿಗ್ರಿ ಆದರೆ ಅವಧಿಯ ವ್ಯತ್ಯಾಸ ಬರೀ ಶೇ. 0.2. ಕೋನ ಸಣ್ಣದಿರಬೇಕು ಅಂತ ಹೇಳುವುದು ಇದಕ್ಕೇ.

ಇವೆರಡೂ ಕ್ರಮಬದ್ಧ ದೋಷಗಳು. ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತವೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ. ಸ್ಟಾಪ್‌ವಾಚ್‌ನ ದೋಷ ಹಾಗಲ್ಲ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಹಾಗಾಗಿ ಸರಾಸರಿಯಲ್ಲಿ ಕುಗ್ಗುತ್ತದೆ. ಇದು ದೊಡ್ಡ ವಿಜ್ಞಾನಿಗಳಿಗೂ ಎದುರಾದ ವಿಷಯ. ರಾಬರ್ಟ್ ಮಿಲಿಕನ್ 1913ರಲ್ಲಿ ಎಣ್ಣೆ ಹನಿಗಳಿಂದ ಎಲೆಕ್ಟ್ರಾನ್‌ನ ವಿದ್ಯುದಂಶದ ಬೆಲೆಯನ್ನು ಪ್ರಕಟಿಸಿದರು. ಇಂದಿನ ಬೆಲೆಗೆ ಹೋಲಿಸಿದರೆ ಅದು ಸುಮಾರು ಶೇ. 0.6ರಷ್ಟು ಕಡಿಮೆ. ಗಾಳಿಯ ಸ್ನಿಗ್ಧತೆಗೆ (ಹನಿಯ ಚಲನೆಯನ್ನು ತಡೆಯುವ ಗಾಳಿಯ ಗುಣಕ್ಕೆ) ಅವರು ಬಳಸಿದ ಬೆಲೆ ಸರಿಯಿರಲಿಲ್ಲ. ಎಷ್ಟು ಹನಿ ಅಳೆದರೂ ಆ ದೋಷ ಪ್ರತಿ ಹನಿಯಲ್ಲೂ ಇದ್ದೇ ಇತ್ತು.

ಕ್ರಮಬದ್ಧ ದೋಷವನ್ನು ಹಿಡಿಯಲು ಗ್ರಾಫ್ ಒಳ್ಳೆಯ ಸಾಧನ. ಬೇರೆ ಬೇರೆ ಉದ್ದಕ್ಕೆ ಅವಧಿ ಅಳೆದು, ಅಡ್ಡ ಅಕ್ಷದಲ್ಲಿ ಉದ್ದ, ಲಂಬ ಅಕ್ಷದಲ್ಲಿ ಅವಧಿಯ ವರ್ಗ ಗುರುತಿಸಿ. ನೇರ ಗೆರೆ ಬರುತ್ತದೆ, ಅದರ ಇಳಿಜಾರು ಸುಮಾರು 4.0. ಆ ಇಳಿಜಾರಿನಿಂದ 4ಪೈ² ಅನ್ನು ಭಾಗಿಸಿದರೆ ಜಿ ಸಿಗುತ್ತದೆ. ಗೆರೆ ಸೊನ್ನೆಯ ಮೂಲಕ ಹೋಗದೆ ಲಂಬ ಅಕ್ಷವನ್ನು 0.04ರ ಹತ್ತಿರ ಕತ್ತರಿಸಿತು ಅನ್ನಿ. ಉದ್ದದ ಅಳತೆಯಲ್ಲಿ 1 ಸೆಂಟಿಮೀಟರ್ ಬಿಟ್ಟುಹೋಗಿದೆ ಅಂತ ಗ್ರಾಫೇ ತೋರಿಸಿಕೊಟ್ಟ ಹಾಗಾಯಿತು. ಇಳಿಜಾರು ಮಾತ್ರ ಕೆಡುವುದಿಲ್ಲ, ಅಂದರೆ ಉತ್ತರವೂ ಸರಿಯಾಗಿಯೇ ಬರುತ್ತದೆ. ಇದು ನನಗೆ ತುಂಬಾ ಇಷ್ಟದ ವಿಷಯ. ಚರ್ಚೆಯಲ್ಲಿ ಇಂಥದ್ದೊಂದು ಮಾತು ಇದ್ದರೆ ಇಡೀ ರಿಪೋರ್ಟ್‌ಗೆ ತೂಕ ಬರುತ್ತದೆ.

ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯಬೇಡಿ. ಎಲ್ಲ ಚುಕ್ಕೆಗಳ ನಡುವೆ ಹಾಯುವ ಒಂದೇ ನೇರ ಗೆರೆ ಸಾಕು.

ತೀರ್ಮಾನ, ಸಾರಾಂಶ

ತೀರ್ಮಾನದಲ್ಲಿ ಹೊಸ ವಿಷಯ ತರಬೇಡಿ. ಉದ್ದೇಶದಲ್ಲಿ ಕೇಳಿದ್ದಕ್ಕೆ ಉತ್ತರ, ಅದರ ದೋಷದ ಮಿತಿ, ಒಪ್ಪಿತ ಬೆಲೆಯ ಜೊತೆ ಹೋಲಿಕೆ, ಇಷ್ಟೇ. ಹೋಲಿಸುವಾಗಲೂ ಎಚ್ಚರ ಬೇಕು. ಗುರುತ್ವ ವೇಗೋತ್ಕರ್ಷ ಸಮಭಾಜಕದ ಹತ್ತಿರ 9.78, ಧ್ರುವಗಳಲ್ಲಿ 9.83. ಯಾವ ಬೆಲೆಗೆ ಹೋಲಿಸಿದಿರಿ ಅಂತ ಬರೆಯಿರಿ. ನಮ್ಮ 9.8 ± 0.1ರ ಒಳಗೆ ಎರಡೂ ಬರುತ್ತವೆ, ಆದ್ದರಿಂದ 'ಒಪ್ಪಿತ ಬೆಲೆಗೆ ಹೊಂದುತ್ತದೆ' ಅನ್ನಬಹುದು. 'ಸೂತ್ರ ಸಾಬೀತಾಯಿತು' ಅನ್ನುವುದು ಜಾಸ್ತಿಯಾಯಿತು.

ಸಾರಾಂಶ ಹೀಗಿರಬಹುದು: '1.00 ಮೀಟರ್ ಉದ್ದದ ಸರಳ ಲೋಲಕದ 20 ಆಂದೋಲನಗಳ ಸಮಯದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯಲಾಯಿತು. ದೊರೆತ ಬೆಲೆ 9.8 ± 0.1 ಮೀ/ಸೆ². ಇದು ಒಪ್ಪಿತ ಬೆಲೆಗೆ ಹೊಂದುತ್ತದೆ. ದೋಷದ ಹೆಚ್ಚಿನ ಪಾಲು ಸಮಯದ ಅಳತೆಯಿಂದ ಬಂದಿದೆ.' ನಾಲ್ಕು ವಾಕ್ಯ ಸಾಕು. ಶೀರ್ಷಿಕೆಯಲ್ಲೂ 'ಪ್ರಯೋಗ 3' ಅಂತ ಬರೆದು ಬಿಡದೆ, ಯಾವುದನ್ನು ಯಾವುದರಿಂದ ಅಳೆದಿರಿ ಅಂತ ಹೇಳಿ: 'ಸರಳ ಲೋಲಕದ ಅವಧಿಯಿಂದ ಗುರುತ್ವ ವೇಗೋತ್ಕರ್ಷದ ಅಳತೆ.'