ಹಾಸನದ ನೆತ್ತಿಯ ಮೇಲಿನ ಕ್ರಾಂತಿ

ವ್ಯವಸ್ಥೆ ಬದಲಾಗಲಿ ಅಂತ ಬೀದಿಗಿಳಿದವರನ್ನು ಕ್ರಾಂತಿಕಾರಿ ಅನ್ನುತ್ತೇವೆ. ಪಂಚಾಂಗ ಗುಣಿಸುವವರ ಕ್ರಾಂತಿ ಮಾತ್ರ ಬೇರೆ. ಅದು ಯಾರನ್ನೂ ಕೇಳುವುದಿಲ್ಲ, ಯಾವ ವರ್ಷವೂ ತಪ್ಪುವುದಿಲ್ಲ.

ಕ್ರಾಂತಿಯ ಬೇರು ಸಂಸ್ಕೃತದ ‘ಕ್ರಮ್’, ಅಂದರೆ ಹೆಜ್ಜೆ ಇಡು, ದಾಟು. ಸಂಕ್ರಾಂತಿ ಹುಟ್ಟಿದ್ದೂ ಅಲ್ಲಿಂದಲೇ. ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲೂ ಒಂದು ಗೆರೆ ಎಳೆದುಕೊಳ್ಳಿ. ಸೂರ್ಯ ಆ ಗೆರೆಯಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿದ್ದಾನೆ ಅನ್ನುವ ಲೆಕ್ಕಕ್ಕೆ ನಮ್ಮ ಹಳೆಯ ಜ್ಯೋತಿಷಿಗಳು ಇಟ್ಟ ಹೆಸರು ಕ್ರಾಂತಿ. ಭೂಮಿ ವಾಲಿಕೊಂಡು ಸುತ್ತುವುದರಿಂದ ಈ ಸರಿದಾಟ. ಆರ್ಯಭಟ ಅದರ ಗರಿಷ್ಠವನ್ನು 24 ಡಿಗ್ರಿ ಅಂದ. ಈಗಿನ ಅಳತೆ ಸುಮಾರು 23.4. ದೂರದರ್ಶಕವೇ ಇಲ್ಲದ ಕಾಲಕ್ಕೆ ಇದು ಸುಮ್ನೆ ಮಾತಲ್ಲ.

ಹಾಸನ ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯನ ಕ್ರಾಂತಿಯೂ ಉತ್ತರಕ್ಕೆ 13 ಆದ ದಿನ ಆತ ಸರಿಯಾಗಿ ಊರಿನ ನೆತ್ತಿಗೆ ಬರುತ್ತಾನೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ. ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮುಂಚೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಚಿಕ್ಕಮಗಳೂರು ಇನ್ನಷ್ಟು ಉತ್ತರಕ್ಕಿದೆ. ಹಾಗಾಗಿ ಅಲ್ಲಿ ಏಪ್ರಿಲ್‌ನಲ್ಲಿ ಒಂದು ದಿನ ತಡ, ಆಗಸ್ಟ್‌ನಲ್ಲಿ ಒಂದು ದಿನ ಬೇಗ. ಆದರೆ ಆಗಸ್ಟ್‌ನಲ್ಲಿ ಮಲೆನಾಡಿನ ಮೋಡ ಸೂರ್ಯನನ್ನು ಬಿಟ್ಟುಕೊಟ್ಟರೆ ತಾನೆ! ಏಪ್ರಿಲ್ ನಂಬಿಕೊಳ್ಳುವುದೇ ವಾಸಿ.

ಇಂಗ್ಲಿಷಿನ ‘ರೆವಲ್ಯೂಷನ್’ ಕೂಡ ಮೇಲಿಂದಲೇ ಇಳಿದದ್ದು. 1543ರಲ್ಲಿ ಅಚ್ಚಾದ ಕೊಪರ್ನಿಕಸ್‌ನ ಪುಸ್ತಕದ ಲ್ಯಾಟಿನ್ ಹೆಸರಲ್ಲಿ ಆ ಪದಕ್ಕೆ ಸುತ್ತಿ ಬರುವುದು ಎಂದಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ 1660ರಲ್ಲಿ ರಾಜ ಮರಳಿ ಪಟ್ಟಕ್ಕೆ ಬಂದದ್ದನ್ನೂ ಕೆಲವರು ಹಾಗೇ ಕರೆದರು. ಹಳೆಯದು ವಾಪಸ್ ಬಂತು ಅಂತ! 1789ರಲ್ಲಿ ಫ್ರಾನ್ಸ್ ರಾಜನ ವಿರುದ್ಧವೇ ಎದ್ದ ಮೇಲೆ ಆ ಅರ್ಥ ಉಳಿಯಲಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಕ್ರಾಂತಿಗೆ ಉರ್ದುವಿನಲ್ಲಿರುವ ಪದ, ‘ಇಂಕ್ವಿಲಾಬ್’. ‘ಇಂಕ್ವಿಲಾಬ್ ಜಿಂದಾಬಾದ್’ ಉರ್ದು ಕವಿ ಹಸ್ರತ್ ಮೊಹಾನಿ ಕೊಟ್ಟ ಘೋಷಣೆ. 1929ರಲ್ಲಿ ದೆಹಲಿಯ ಶಾಸನಸಭೆಯಲ್ಲಿ ಭಗತ್ ಸಿಂಗ್ ಕೂಗಿದ್ದೂ ಇದನ್ನೇ. ಮೂಲ ಅರಬ್ಬಿಯಲ್ಲಿ ಅದಕ್ಕೆ ಮಗುಚಿಕೊಳ್ಳುವುದು, ತಿರುಗುವುದು ಎಂಬ ಅರ್ಥ. ಸೂರ್ಯ ತನ್ನ ತುದಿ ಮುಟ್ಟಿ ಹಿಂದಿರುಗುವ ದಿನಕ್ಕೂ ಅರಬ್ಬಿಯಲ್ಲಿ ಅದೇ ಪದ. ಅಂದರೆ ಜೂನ್ 21 ಮತ್ತು ಡಿಸೆಂಬರ್ 21ರ ಸುಮಾರು, ನಮ್ಮ ಲೆಕ್ಕದ ಕ್ರಾಂತಿ ಗರಿಷ್ಠ ಆಗುವ ದಿನಗಳು. ಹಾಸನದಲ್ಲಿ ಒಂದು ಮೀಟರ್ ಕೋಲು ನೆಟ್ಟು ನೋಡಿ. ನಡುಹಗಲಿನ ನೆರಳು ಡಿಸೆಂಬರ್‌ನಲ್ಲಿ ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚಿರುತ್ತದೆ. ಜೂನ್‌ನಲ್ಲಿ ಬರೀ 18, ಅದೂ ದಕ್ಷಿಣಕ್ಕೆ.