ಗ್ಲಾಸ್ ಬ್ಲಾಕ್ ಗೋಡೆಗೆ ಸಂಜೆ ಬಿಸಿಲು

ಉಡುಪಿ ಕಿನ್ನಿಮುಲ್ಕಿಯ ಒಂದು ಮನೆ. ಹಾಲ್‌ನ ಪಡುಬದಿಗೆ ಗ್ಲಾಸ್ ಬ್ಲಾಕ್ ಗೋಡೆ, ಅಡ್ಡಕ್ಕೆ 6, ಎತ್ತರಕ್ಕೆ 10, ಒಟ್ಟು 60 ಬ್ಲಾಕ್. ಅದರ ಹಿಂದೆಯೇ ಮಗ ಸ್ಟೋರ್ ರೂಮ್ ಕಟ್ಟಿಸಿದ ಮೇಲೆ ಗೋಡೆ ಪೂರ್ತಿ ಕತ್ತಲೆ. ಮನೆಯ ಅಮ್ಮನಿಗೆ ಅದೇ ಬೇಜಾರು. ಹಂಚಿನ ಮನೆಯಲ್ಲಿ ಬೆಳೆದವರು, ಮಾಡಿನ ಗಾಜಿನ ಹಂಚಿನಿಂದ ನೆಲಕ್ಕೆ ಬಿದ್ದ ಬಿಸಿಲು ನೋಡಿಯೇ ಹೊತ್ತು ಹೇಳುತ್ತಿದ್ದವರು. ಮಗ ನನ್ನನ್ನು ಕರೆದದ್ದು "ಮಾರಾಯ್ರೆ, ಒಳ್ಳೆ ಕಲರ್ ಕಲರ್ ಲೈಟ್ ಹಾಕಿ" ಅಂತ.

ನಾನೂ ಮೊದಲು ಅದನ್ನೇ ಮಾಡಿದೆ. ಮೀಟರಿಗೆ 30 ಎಲ್‌ಇಡಿ ಇರುವ, ಪ್ರತಿ ಎಲ್‌ಇಡಿಗೂ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯುಎಸ್2812ಬಿ ಸ್ಟ್ರಿಪ್ಪನ್ನು ಗಾಜಿಗೆ ಮುಖ ಮಾಡಿ ಅಂಟಿಸಿ, ಕಾಮನಬಿಲ್ಲು ಓಡಿಸಿದೆ. ಅಮ್ಮ ಬಂದು ನೋಡಿದರು. "ಎಂತ ಮಾರಾಯ, ಇದು ಮದುವೆ ಹಾಲಿನ ಸ್ಟೇಜಿನ ಹಾಗೆ ಉಂಟಲ್ಲ!"

ಅವರು ಹೇಳಿದ್ದು ಸರಿಯೇ. ಅಲೆಅಲೆಯ ಗಾಜು ಬೆಳಕನ್ನು ಹರಡುವುದಿಲ್ಲ, ಒಡೆಯುತ್ತದೆ. ಒಂದು ಎಲ್‌ಇಡಿ ಹತ್ತು ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತದೆ. ಬ್ಲಾಕಿನ ಅಂಚಿನಿಂದ ಬೆಳಕು ಬಿಡೋಣ ಅಂದ್ರೆ, ಸಿಮೆಂಟ್ ಹಿಡಿಯಲಿ ಅಂತ ಎಷ್ಟೋ ಬ್ಲಾಕ್‌ಗಳ ಅಂಚಿಗೆ ಮೊದಲೇ ಬಿಳಿ ಲೇಪ ಇರುತ್ತದೆ, ಅಲ್ಲಿಂದ ಒಳಗೆ ಹೋಗುವುದೂ ಕಷ್ಟ. ಹಾಗಾಗಿ ಸ್ಟ್ರಿಪ್ ತಿರುಗಿಸಿದೆ. ಗೋಡೆಯಿಂದ 10 ಸೆಂಟಿಮೀಟರ್ ಹಿಂದೆ ಬಿಳಿ ಫೋಮ್ ಶೀಟ್ ನಿಲ್ಲಿಸಿ, ಎಲ್‌ಇಡಿಗಳ ಮುಖ ಶೀಟಿನ ಕಡೆ ಮಾಡಿದೆ. ಶೀಟಿಗೆ ಬಡಿದು ವಾಪಸ್ ಬರುವ ಬೆಳಕು ಮಾತ್ರ ಗಾಜಿಗೆ. ಒಂದು ಬ್ಲಾಕಿನ ಬೆಳಕು ಪಕ್ಕದ್ದಕ್ಕೆ ಸೋರದಂತೆ ನಡುನಡುವೆ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಶೀಟಿನ ಪಟ್ಟಿ. ಸುಮ್ನೆ ಹೇಳುವುದಲ್ಲ, ಇಡೀ ಕೆಲಸದಲ್ಲಿ ಜಾಸ್ತಿ ಫರಕ್ ಮಾಡಿದ್ದು ಇದು. ಕೋಡ್ ಅಲ್ಲ.

ಇನ್ನು ಕೋಡ್, ಅಂದರೆ ಸ್ಟ್ರಿಪ್ಪಿಗೆ ಬಣ್ಣ ಹೇಳುವ ಇಎಸ್‌ಪಿ32 ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ಬರೆಯುವ ಪ್ರೋಗ್ರಾಂ. ಬ್ಲಾಕ್ 19 ಸೆಂಟಿಮೀಟರ್, ಸಿಮೆಂಟ್ ಸಂದು 1, ಒಟ್ಟು 20. ಅಷ್ಟರಲ್ಲಿ ಸರಿಯಾಗಿ 6 ಎಲ್‌ಇಡಿ ಬರುತ್ತವೆ. ಸಾಲಿಗೆ 36, ಗೋಡೆಗೆ 360. ಹೊಸಬರು ಈ 360ನ್ನೇ ಲೆಕ್ಕ ಹಾಕುತ್ತಾ ಕೂತು ಸೋಲುತ್ತಾರೆ. ನಮಗೆ ಬೇಕಾದದ್ದು 60 ಮಾತ್ರ. ಸಾಲು ಯಾವುದು, ಕಂಬ (ಮೇಲಿಂದ ಕೆಳಗಿನ ಸಾಲು) ಯಾವುದು, ಬಣ್ಣ ಯಾವುದು ಎಂದು ಕೊಟ್ಟರೆ ಆ ಬ್ಲಾಕಿನ ಆರನ್ನೂ ಒಟ್ಟಿಗೆ ಉರಿಸುವ ಒಂದು ಚಿಕ್ಕ ಫಂಕ್ಷನ್ ಮೊದಲು ಬರೆಯಿರಿ. ವೈರ್ ಉಳಿಸಲು ಸ್ಟ್ರಿಪ್ಪನ್ನು ಹಾವಿನ ಹಾಗೆ ಎಳೆದಿರುತ್ತೇವೆ, ಮೊದಲ ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಸೊನ್ನೆಯಿಂದ ಎಣಿಸಿದರೆ ಬೆಸ ಸಂಖ್ಯೆಯ ಸಾಲುಗಳಲ್ಲಿ ಕಂಬದ ಸಂಖ್ಯೆಯನ್ನು 5ರಿಂದ ಕಳೆಯಬೇಕು. ಸಾಲು 3, ಕಂಬ 0 ಅಂದರೆ 3 ಗುಣಿಸು 6, ಕೂಡಿಸು 5, ಒಟ್ಟು 23. ಅದನ್ನು 6ರಿಂದ ಗುಣಿಸಿದರೆ 138. ಆ ಬ್ಲಾಕ್ 138ನೇ ಎಲ್‌ಇಡಿಯಿಂದ 143ರವರೆಗೆ. ಈ ಫಂಕ್ಷನ್ ಆದ ಮೇಲೆ ಎಲ್‌ಇಡಿ ಎಂಬ ಪದವನ್ನೇ ಮರೆತುಬಿಡಿ. ತಯಾರಿರುವ ಡಿಸೈನ್ ಸಾಕು ಎನ್ನುವವರಿಗೆ ಡಬ್ಲ್ಯುಎಲ್‌ಇಡಿ ಎಂಬ ಸಾಫ್ಟ್‌ವೇರ್ ಉಂಟು, ಕೋಡ್ ಬರೆಯುವುದೇ ಬೇಡ. ನಾನು ಫಾಸ್ಟ್‌ಎಲ್‌ಇಡಿ ಎಂಬ ಕೋಡ್ ಲೈಬ್ರರಿ ಬಳಸುವವ.

ಕರೆಂಟಿನ ಲೆಕ್ಕ ಬಿಡಬೇಡಿ. ಪೂರ್ತಿ ಬಿಳಿ ಉರಿದರೆ ಎಲ್‌ಇಡಿ ಒಂದಕ್ಕೆ 60 ಮಿಲಿಆಂಪ್ ಹಿಡಿಯಬೇಕು. 360ಕ್ಕೆ 21.6 ಆಂಪ್, 5 ವೋಲ್ಟಿನಲ್ಲಿ 108 ವ್ಯಾಟ್. ಅಷ್ಟು ಬೆಳಕು ಹಾಲ್‌ನಲ್ಲಿ ಯಾರಿಗೂ ಬೇಡ. 10 ಆಂಪಿನ ಸಪ್ಲೈ ಹಾಕಿ, ಕೋಡಿನಲ್ಲಿ 8ಕ್ಕೆ ಮಿತಿ ಹಾಕಿದೆ. ಒಂದೇ ತುದಿಯಿಂದ ಕರೆಂಟ್ ಕೊಟ್ಟಾಗ ಮೇಲಿನ ಸಾಲುಗಳು ಬಿಳಿ ಹೋಗಿ ಕೆಂಪಾದವು. ತೆಳು ತಾಮ್ರದಲ್ಲಿ ವೋಲ್ಟೇಜ್ ಇಳಿಯುತ್ತದೆ, ನೀಲಿ ಮತ್ತು ಹಸಿರಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಹಾಗಾಗಿ ಮೊದಲು ಸೋಲುವುದು ಅವೇ. ಎರಡೆರಡು ಸಾಲಿಗೊಮ್ಮೆ ದಪ್ಪ ವೈರಿನಿಂದ ಕರೆಂಟ್ ಕೊಟ್ಟೆ, ಸರಿಯಾಯಿತು. ಮೊದಲ ಬ್ಲಾಕ್ ಮಾತ್ರ ಮಿಣಿಮಿಣಿ ಅನ್ನುತ್ತಿತ್ತು. ಇಎಸ್‌ಪಿ32 ಕೊಡುವ ಸಿಗ್ನಲ್ 3.3 ವೋಲ್ಟ್, 5 ವೋಲ್ಟಿನ ಚಿಪ್ ಕೇಳುವುದು ಕನಿಷ್ಠ 3.5. ನಡುವೆ ಸಿಗ್ನಲನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿದ ಮೇಲೆ ಆ ಮಿಣಿಮಿಣಿ ನಿಂತಿತು.

ಮಲ್ಪೆ ಕಡೆಯ ಉಪ್ಪುಗಾಳಿಯ ಬಗ್ಗೆ ಒಂದು ಮಾತು. ಒತ್ತಿ ಹಾಕುವ ಕ್ಲಿಪ್ ಕನೆಕ್ಟರ್ ಬೇಡ. ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿದದ್ದು ನೋಡಿದ್ದೇನೆ. ಬೆಸುಗೆ ಹಾಕಿ, ಮೇಲೆ ಸಿಲಿಕೋನ್ ಬಳಿಯಿರಿ. ಈ ಸ್ಟ್ರಿಪ್‌ನಲ್ಲಿ ಪ್ರತಿ ಎಲ್‌ಇಡಿಯೂ ಡೇಟಾವನ್ನು ಮುಂದಿನದಕ್ಕೆ ದಾಟಿಸಬೇಕು, ಒಂದು ಸತ್ತರೆ ಅದರಾಚೆಯದ್ದೆಲ್ಲ ಸುಮ್ಮನಾಗುತ್ತದೆ.

ಅಮ್ಮನಿಗೆ ಬೇಕಾದದ್ದು ಏನು ಅಂತ ಕೊನೆಗೆ ಅವರನ್ನೇ ಕೇಳಿದೆ, ಮೊದಲೇ ಕೇಳಬೇಕಿತ್ತು. ಸಂಜೆ ಬಿಸಿಲು ಗೋಡೆ ತುಂಬ ಇರುತ್ತಿತ್ತಂತೆ. ಆಮೇಲೆ ಕಾಂಪೌಂಡಿನ ನೆರಳು ಕೆಳಗಿನ ಸಾಲಿನಿಂದ ಒಂದೊಂದೇ ಬ್ಲಾಕ್ ಹತ್ತುತ್ತಿತ್ತಂತೆ. ಅಷ್ಟೇ. ಹಾಗಾದರೆ ಹತ್ತು ಸಾಲು, ಕೆಳಗಿನಿಂದ ಮೇಲಕ್ಕೆ, ಸೂರ್ಯಾಸ್ತಕ್ಕೆ ಮೊದಲಿನ 50 ನಿಮಿಷದಲ್ಲಿ ಸಾಲಿಗೆ 5 ನಿಮಿಷ. ಹಳದಿಯಿಂದ ಕೇಸರಿಗೆ. ಕಣ್ಣಿಗೆ 255ರಲ್ಲಿ 128 ಅರ್ಧ ಬೆಳಕಾಗಿ ಕಾಣುವುದಿಲ್ಲ, ಕಣ್ಣು ಬೆಳಕನ್ನು ಅಳೆಯುವ ರೀತಿಯ ಲೆಕ್ಕವಾದ ಗಾಮಾ 2.2 ಹಿಡಿದರೆ ಅರ್ಧವಾಗಿ ಕಾಣುವುದು 56ರ ಹತ್ತಿರ. ಇದನ್ನು ಸರಿಪಡಿಸದಿದ್ದರೆ ಬೆಳಕು ತುಂಬ ಹೊತ್ತು ಇಳಿಯದೆ ಇದ್ದು, ಕೊನೆಗೆ ದಬಕ್ಕನೆ ಬೀಳುತ್ತದೆ. ಇಲ್ಲಿ ಸೂರ್ಯ ನವೆಂಬರಿನಲ್ಲಿ 6ರ ಹೊತ್ತಿಗೆ ಮುಳುಗಿದರೆ ಜುಲೈ ಆರಂಭದಲ್ಲಿ 7ರ ಹೊತ್ತಿಗೆ, ಅದಕ್ಕೂ ಒಂದು ಲೆಕ್ಕ ಸೇರಿಸಿದೆ. ಒಮ್ಮೆ ನಡುರಾತ್ರಿ ಕರೆಂಟ್ ಬಂದಾಗ, ನೆಟ್ ಇಲ್ಲದೆ ಗಡಿಯಾರ ತಪ್ಪಿ, ಗೋಡೆಯಲ್ಲಿ ಬಿಸಿಲು ಮೂಡಿತು. ಮರುದಿನವೇ ಬಟನ್ ಸೆಲ್ ಇರುವ ಡಿಎಸ್3231 ಗಡಿಯಾರ ಕೂರಿಸಿದೆ.

ಜುಲೈ ಕೊನೆಯಲ್ಲಿ, ತುಳುವರ ಆಟಿ ತಿಂಗಳಲ್ಲಿ, ಅಮ್ಮನ ಫೋನ್. ಹೊರಗೆ ಧೋ ಅಂತ ಮಳೆ. "ಗೋಡೆ ಲಾಯ್ಕ ಉಂಟು ಮಾರಾಯ, ಆದರೆ ಆಟಿ ತಿಂಗಳಲ್ಲಿ ಇಷ್ಟು ಬಿಸಿಲು ಎಲ್ಲಿಂದ ಬರ್ಬೇಕು? ಸ್ವಲ್ಪ ಮೋಡ ಹಾಕು."

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಮೂರನೇ ಒಂದು ಪಾಲು. ಕೋಡಿನಲ್ಲಿ ಒಂದೇ ಸಾಲು ಜಾಸ್ತಿಯಾಯಿತು.